ಕಿಟಕಿಯ ಪಕ್ಕದಲ್ಲಿ ಸ್ವೆಟರ್

ಕಳೆದ ತಿಂಗಳು ಇದೇ ಅಂಕಣದಲ್ಲಿ ಮೊಬೈಲಿನಲ್ಲಿ ಅಡುಗೆಯ ಫೋಟೋ ತೆಗೆಯುವ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಣಿಗೆಯವರದ್ದೇ ಹೆಚ್ಚು. ನನಗೆ ಅದು ತುಂಬ ಖುಷಿ ಕೊಟ್ಟಿತು, ಯಾಕೆಂದರೆ ನಾನು ಬೆಳೆದದ್ದು ಸಕಲೇಶಪುರದಲ್ಲಿ. ಅಪ್ಪನದು ಫೋಟೋ ಸ್ಟುಡಿಯೋ, ಅಮ್ಮನ ಕೈಯಲ್ಲಿ ಯಾವಾಗಲೂ ಹೆಣಿಗೆ ಕಡ್ಡಿ. ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ, ಉಳಿದವರೂ ಅದನ್ನು ಓದಿಕೊಳ್ಳಿ.

ಪ್ರಶ್ನೆ: ಒಂಬತ್ತು ವರ್ಷದಿಂದ ಸ್ವೆಟರ್, ಮಗುವಿನ ಕುಲಾವಿ, ಕಾಲುಚೀಲ ಹೆಣೆದು ಮಾರುತ್ತಿದ್ದೇನೆ. ವಾಟ್ಸಾಪ್ ಸ್ಟೇಟಸ್ಸೇ ನನ್ನ ಅಂಗಡಿ. ಮಗ ಮಲಗಿದ ಮೇಲೆ ರಾತ್ರಿ ಮಂಚದ ಮೇಲೆ ಹರಡಿ, ಫ್ಲ್ಯಾಶ್ ಹಾಕಿ ಫೋಟೋ ತೆಗೆಯುತ್ತೇನೆ. ಜಡೆ ಡಿಸೈನಿನ ಕಾರ್ಡಿಗನ್ ಒಂದಕ್ಕೆ 22 ದಿನ ಹಿಡಿಯಿತು. 1,800 ರೂಪಾಯಿ ಅಂದರೆ "ಮೆಷಿನ್‌ದಾ? ಸಂತೇಲಿ 400ಕ್ಕೆ ಸಿಗುತ್ತಲ್ಲ" ಅನ್ನುತ್ತಾರೆ. ಮೊನ್ನೆ ಒಂದು ಮರೂನ್ ಸ್ವೆಟರ್ "ಫೋಟೋದಲ್ಲಿ ಕೆಂಪಿತ್ತು" ಅಂತ ವಾಪಸ್ ಬಂತು. ನಮ್ಮವರು 40 ಸಾವಿರ ಕೊಟ್ಟು ಕ್ಯಾಮೆರಾ ತಗೊಳ್ಳೋಣ ಅನ್ನುತ್ತಿದ್ದಾರೆ. ತಗೊಳ್ಳಲಾ ಅಕ್ಕಾ?
— ಓದುಗಿ, ಸೋಮವಾರಪೇಟೆ

ಉತ್ತರ: ಬೇಡ ತಂಗಿ, ಈಗಲೇ ಬೇಡ. ಆ ದುಡ್ಡು ಬ್ಯಾಂಕಿನಲ್ಲಿರಲಿ. ನಿಮ್ಮ ಕಾರ್ಡಿಗನ್ನನ್ನು ಮೆಷಿನ್ನಿನದು ಮಾಡಿದ್ದು ನಿಮ್ಮ ಮೊಬೈಲಲ್ಲ, ಆ ಫ್ಲ್ಯಾಶು.

ನೀವು ಹೆಣೆಯುವವರು, ನಿಮಗೆ ಗೊತ್ತಿದೆ: ಸೀದಾ ಹಾಕಿದ ಒಂದೊಂದು ಮನೆಯೂ (ಅಂದರೆ ಕಡ್ಡಿಯ ಮೇಲಿನ ಒಂದೊಂದು ಕುಣಿಕೆಯೂ) ಪುಟ್ಟ ವಿ ಆಕಾರದಲ್ಲಿರುತ್ತದೆ, ಉಲ್ಟಾ ಹಾಕಿದ್ದು ಗುಬುಟಿನ ಹಾಗೆ ಮೇಲೇಳುತ್ತದೆ. ಜಡೆಯಲ್ಲಂತೂ ಮನೆಗಳು ಒಂದರ ಮೇಲೊಂದು ದಾಟಿ ಹೋಗುವುದರಿಂದ ಅದು ಬಟ್ಟೆಯಿಂದ ಉಬ್ಬಿ ನಿಲ್ಲುತ್ತದೆ. ಈ ಉಬ್ಬುತಗ್ಗನ್ನು ಕೈ ಮುಟ್ಟಿ ತಿಳಿಯುತ್ತದೆ. ಕಣ್ಣಿಗೆ ಅದು ತಿಳಿಯುವುದು ನೆರಳಿನಿಂದ. ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇದೆ, ಬೆಳಕು ನೇರ ಎದುರಿನಿಂದ ಹೋಗಿ ಬೀಳುತ್ತದೆ. ನೆರಳೆಲ್ಲ ಎಳೆಗಳ ಹಿಂದೆ ಅಡಗುತ್ತದೆ. ಆಗ 22 ದಿನದ ಜಡೆ ಬರೀ ಗೆರೆಯಾಗಿ, ಅಚ್ಚು ಹಾಕಿದ ಬಟ್ಟೆಯ ಹಾಗೆ ಕಾಣುತ್ತದೆ.

ಇದನ್ನು ನಾನು ಕಲಿತದ್ದು 1986ರ ಮಳೆಗಾಲದಲ್ಲಿ. ಊರಿನ ಒಂದು ಮಹಿಳಾ ಸಂಘದವರು ತಾವು ಹೆಣೆದ ಸ್ವೆಟರುಗಳ ಆಲ್ಬಂ ಮಾಡಿ ಬೆಂಗಳೂರಿನ ಅಂಗಡಿಗಳಿಗೆ ತೋರಿಸಬೇಕು ಅಂದುಕೊಂಡಿದ್ದರು. ಅಪ್ಪ ನನ್ನ ಕೈಗೆ ಕ್ಯಾಮೆರಾ ಕೊಟ್ಟರು. ಸ್ಟುಡಿಯೋದ ದೊಡ್ಡ ಫ್ಲ್ಯಾಶ್ ಎದುರಿಗಿಟ್ಟು 36 ಫ್ರೇಮಿನ ಒಂದು ರೋಲ್ ಪೂರ್ತಿ ಮುಗಿಸಿದೆ. ಪ್ರಿಂಟ್ ಬಂದಾಗ ಆ ಹೆಂಗಸರ ಮುಖ ಇಳಿದುಹೋಯಿತು. ಅವರಲ್ಲೊಬ್ಬರು ತಾನು ಹೆಣೆದದ್ದು ಯಾವುದು ಅಂತ ಗುರುತು ಹಿಡಿಯದೆ ಎರಡು ಫೋಟೋಗಳನ್ನು ಅತ್ತಿತ್ತ ತಿರುಗಿಸಿ ನೋಡುತ್ತಿದ್ದದ್ದು ಇವತ್ತಿಗೂ ನನ್ನ ಕಣ್ಣಮುಂದಿದೆ.

ಅಪ್ಪ ಬೈಯಲಿಲ್ಲ. ನನ್ನನ್ನು ಕಿಟಕಿಯ ಹತ್ತಿರ ಕರೆದು, "ಕೈ ಮುಷ್ಟಿ ಮಾಡಿ ಹಿಡಿ" ಅಂದರು. ಹಿಡಿದೆ. "ಈಗ ಮೆಲ್ಲಗೆ ತಿರುಗು." ಕಿಟಕಿಗೆ ಮುಖ ಮಾಡಿ ನಿಂತಾಗ ಗೆಣ್ಣುಗಳು ಸಪಾಟಾಗಿದ್ದವು. ಪಕ್ಕಕ್ಕೆ ತಿರುಗುತ್ತ ಹೋದ ಹಾಗೆ ಒಂದೊಂದು ಗೆಣ್ಣಿಗೂ ಒಂದು ಬೆಳಕಿನ ಮಗ್ಗುಲು, ಒಂದು ನೆರಳಿನ ಮಗ್ಗುಲು ಬಂತು. ಚರ್ಮದ ಗೆರೆಗಳೂ ಕಂಡವು. "ಇಲ್ಲಿ ನಿಲ್ಲಿಸು, ಇಲ್ಲೇ ಸ್ವೆಟರ್ ಇಡು." ಇಡೀ ಆಲ್ಬಮ್ಮನ್ನು ಮತ್ತೆ ತೆಗೆದೆವು, ಒಂದೇ ಒಂದು ಕಿಟಕಿಯ ಬೆಳಕಿನಲ್ಲಿ. ಸ್ವೆಟರಿನ ಫೋಟೋಗೆ ಬೇಕಾದ ವಿದ್ಯೆಯಲ್ಲಿ ಮುಕ್ಕಾಲು ಪಾಲು ಇಷ್ಟೇ. ಇವತ್ತೇ ನಿಮ್ಮ ಮನೆಯ ಕಿಟಕಿ ಪಕ್ಕ ನಿಂತು ಮುಷ್ಟಿ ತಿರುಗಿಸಿ ನೋಡಿ.

ಯಾವ ಕಿಟಕಿ? ಬಿಸಿಲು ನೇರವಾಗಿ ಒಳಗೆ ಬೀಳದ ಕಿಟಕಿ. ಪುಸ್ತಕಗಳಲ್ಲಿ "ಉತ್ತರದ ಕಿಟಕಿ" ಅಂತ ಬರೆದಿರುತ್ತದೆ, ಅದು ದೂರದ ತಣ್ಣನೆ ದೇಶಗಳ ಲೆಕ್ಕ. ನಮ್ಮಲ್ಲಿ, ಕೊಡಗಿನ ಅಕ್ಷಾಂಶದಲ್ಲಿ, ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಬೇಸಗೆಯ ಬೆಳಿಗ್ಗೆ, ಸಂಜೆಯ ಬಿಸಿಲೂ ಉತ್ತರದ ಕಿಟಕಿಗೆ ಓರೆಯಾಗಿ ನುಗ್ಗುತ್ತದೆ. ಆದ್ದರಿಂದ ದಿಕ್ಕು ನೋಡಬೇಡಿ, ನೆಲ ನೋಡಿ. ನೆಲದ ಮೇಲೆ ಬಿಸಿಲಿನ ಚೌಕ ಬಿದ್ದಿದ್ದರೆ ಬೇರೆ ಕಿಟಕಿ ಹುಡುಕಿ, ಇಲ್ಲವೇ ಕಿಟಕಿಗೆ ಒಂದು ತೆಳು ಬಿಳಿ ಪಂಚೆ ಕಟ್ಟಿ. ನಿಮ್ಮೂರಿನ ಮಳೆಗಾಲದ ಮೋಡ ಆಕಾಶಕ್ಕೇ ಕಟ್ಟಿದ ಪಂಚೆ. ಬೆಳಕು ಮಂದವಾದರೂ ಬಹಳ ಮೃದು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ ತೆಗೆದುಬಿಡಿ. ಮಗ ಶಾಲೆಗೆ ಹೋಗುವವನಾದರೆ ಆ ಹೊತ್ತಿನಲ್ಲಿ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ, ರಾತ್ರಿಯ ಎರಡು ಗಂಟೆಗಿಂತ ಅದು ಮೇಲು.

ಕಿಟಕಿಯಿಂದ ಮೂರು ನಾಲ್ಕು ಅಡಿ ದೂರದಲ್ಲಿ, ಬೆಳಕು ಎಡದಿಂದಲೋ ಬಲದಿಂದಲೋ ಬರುವ ಹಾಗೆ ಸ್ವೆಟರ್ ಹರಡಿ. ಕೋಣೆಯ ಟ್ಯೂಬ್‌ಲೈಟ್, ಬಲ್ಬು ಎಲ್ಲ ಆರಿಸಿ. ಇದು ಮರೆಯಬೇಡಿ, ಹಗಲಿನ ಬೆಳಕು ಒಂದು ಬಣ್ಣ, ಬಲ್ಬಿನದು ಇನ್ನೊಂದು. ಎರಡೂ ಸೇರಿದರೆ ಸ್ವೆಟರಿನ ಒಂದು ತೋಳು ನೀಲಿ, ಇನ್ನೊಂದು ಹಳದಿ. ನೆರಳಿನ ಕಡೆ ತೀರಾ ಕಪ್ಪಾದರೆ ಆ ಬದಿಗೆ ಒಂದು ಬಿಳಿ ಥರ್ಮಾಕೋಲ್ ಶೀಟ್ ನಿಲ್ಲಿಸಿ, ಬೆಳಕು ಅದಕ್ಕೆ ಬಡಿದು ಮರಳಿ ಬರುತ್ತದೆ. ತೀರಾ ಹತ್ತಿರ ತರಬೇಡಿ, ನೆರಳು ಪೂರ್ತಿ ಹೋದರೆ ಮತ್ತೆ ಫ್ಲ್ಯಾಶಿನ ಕಥೆಯೇ. ಹೂವಿನ ಬೆಡ್‌ಶೀಟ್ ಬೇಡ. ನಿಮ್ಮ ಡಿಸೈನಿನ ಜೊತೆ ಅದು ಜಗಳಕ್ಕೆ ನಿಲ್ಲುತ್ತದೆ. ಹಳೆಯ ಮರದ ಹಲಗೆ, ಚಾಪೆ, ಒಂದೇ ಬಣ್ಣದ ಬಟ್ಟೆ ಸಾಕು.

ಮೊಬೈಲಿನಲ್ಲಿ ಮಾಡಬೇಕಾದದ್ದು ಕಡಿಮೆ. ಮೊದಲು ಲೆನ್ಸನ್ನು ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒರೆಸಿ. ಅಡುಗೆಮನೆಯ ಜಿಡ್ಡು ಅಲ್ಲಿ ಕೂತಿರುತ್ತದೆ, ಫೋಟೋ ಮಂಜು ಮಂಜಾಗುವುದಕ್ಕೆ ಬಹಳ ಸಲ ಅದೇ ಕಾರಣ. ಸೆಟ್ಟಿಂಗ್ಸಿನಲ್ಲಿ ಗ್ರಿಡ್ ಗೆರೆ ಹಾಕಿಕೊಳ್ಳಿ. ಮೇಲಿನಿಂದ ತೆಗೆಯುವಾಗ ಸ್ಟೂಲಿನ ಮೇಲೆ ನಿಂತು, ಮೊಬೈಲನ್ನು ನೆಲಕ್ಕೆ ಸಮವಾಗಿ ಹಿಡಿದು, ಸ್ವೆಟರಿನ ಕೆಳಅಂಚು ಗ್ರಿಡ್ ಗೆರೆಗೆ ಹೊಂದುತ್ತದೆಯಾ ನೋಡಿ. ಮೊಬೈಲ್ ವಾಲಿದರೆ ಹೆಗಲು ದೊಡ್ಡದು, ಹೊಟ್ಟೆ ಚಿಕ್ಕದು. ತೀರಾ ಹತ್ತಿರ ಹೋಗಿ ತೆಗೆದರೂ ಹಾಗೇ ಆಕಾರ ಕೆಡುತ್ತದೆ. ನಿಮ್ಮ ಫೋನಿನಲ್ಲಿ 2ಎಕ್ಸ್ ಲೆನ್ಸ್ ಬೇರೆಯೇ ಇದ್ದರೆ ಸ್ವಲ್ಪ ಹಿಂದೆ ಸರಿದು ಅದರಲ್ಲಿ ತೆಗೆಯಿರಿ. ಬೆರಳಿನಲ್ಲಿ ಜಡೆಯ ಮೇಲೆ ಒತ್ತಿ ಹಿಡಿದರೆ ಫೋಕಸ್ ಅಲ್ಲೇ ನಿಲ್ಲುತ್ತದೆ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಎಳೆದರೆ ಬೆಳಕು ಹೆಚ್ಚು ಕಡಿಮೆಯಾಗುತ್ತದೆ. ಪೋರ್ಟ್ರೇಟ್ ಮೋಡ್ ಬೇಡ. ಹಿನ್ನೆಲೆ ಮಸುಕು ಮಾಡುವ ಭರದಲ್ಲಿ ಅದು ಉಲ್ಲನ್ನಿನ ಸಣ್ಣ ನವಿರನ್ನೂ ಅಳಿಸಿಹಾಕುತ್ತದೆ, ಅಂಚು ಕತ್ತರಿಯಲ್ಲಿ ಕತ್ತರಿಸಿದ ಹಾಗಾಗುತ್ತದೆ.

ಇನ್ನು ಮರೂನ್. ಕಡುಕೆಂಪನ್ನು ಹಿಡಿಯುವುದು ಕ್ಯಾಮೆರಾಗಳಿಗೆ ಕಷ್ಟವೇ, ಬೆಳಕು ಸ್ವಲ್ಪ ಹೆಚ್ಚಾದರೂ ಅದು ತಿಳಿಯಾಗಿ ಬಿಡುತ್ತದೆ. ಹಗಲಿನಲ್ಲಿ ತೆಗೆದು, ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆಳೆದುಕೊಳ್ಳಿ. ಮೊದಲನೇ ಫೋಟೋದಲ್ಲಿ ಸ್ವೆಟರಿನ ಪಕ್ಕ ಒಂದು ಬಿಳಿ ಕಾಗದ ಇಡಿ. ಅಪ್ಪ ತಮ್ಮ ಕರವಸ್ತ್ರ ಇಡುತ್ತಿದ್ದರು. ಕಾಗದ ಹಳದಿಯಾಗಿಯೋ ನೀಲಿಯಾಗಿಯೋ ಕಂಡರೆ ಸ್ವೆಟರಿನ ಬಣ್ಣವೂ ಸುಳ್ಳು ಅಂತ ಗೊತ್ತಾಗುತ್ತದೆ, ಎಡಿಟ್ ಮಾಡುವಾಗ ಕಾಗದ ಬಿಳಿಯಾಗುವವರೆಗೆ ಸರಿಪಡಿಸಿದರಾಯಿತು. ಆಮೇಲೆ ಅದೇ ಕಿಟಕಿಯಲ್ಲಿ ಫೋನನ್ನೂ ಸ್ವೆಟರನ್ನೂ ಅಕ್ಕಪಕ್ಕ ಹಿಡಿದು ನೋಡಿ. ಇಷ್ಟಾದರೂ ಕೊಳ್ಳುವವರ ಫೋನಿನ ಪರದೆ ಬೇರೆ ತೋರಿಸಬಹುದು. ಅದಕ್ಕೆ ಬಣ್ಣವನ್ನು ಬಾಯಲ್ಲೂ ಹೇಳಿಬಿಡಿ: "ಗಿಡದಲ್ಲೇ ಅತಿ ಹಣ್ಣಾದ ಕಾಫಿಯ ಕೆಂಪು." ನಿಮ್ಮೂರ ಕಡೆಯವರಿಗೆ ಇದಕ್ಕಿಂತ ಸ್ಪಷ್ಟ ಬೇಕಿಲ್ಲ. ಹೊರಗಿನವರಿಗೆ ನೂಲಿನ ಲೇಬಲ್ಲಿನಲ್ಲಿರುವ ಶೇಡ್ ನಂಬರನ್ನೂ ಬರೆಯಿರಿ.

"ಮೆಷಿನ್‌ದಾ?" ಅಂದವರಿಗೆ ಮಾತಿನಲ್ಲಿ ಉತ್ತರ ಕೊಡಬೇಡಿ. ಪ್ರತಿ ಸ್ವೆಟರಿಗೂ ನಾಲ್ಕು ಫೋಟೋ ಹಾಕಿ. ಪೂರ್ತಿ ಸ್ವೆಟರ್ ಒಂದು. ಜಡೆ ಮಾತ್ರ ತುಂಬಿಕೊಂಡ ಹತ್ತಿರದ್ದು ಒಂದು. ಮೂರನೆಯದು ಒಳಮಗ್ಗುಲು: ಸಂತೆಯ ಸ್ವೆಟರ್ ತಿರುಗಿಸಿದರೆ ಕತ್ತರಿಸಿ ಓವರ್‌ಲಾಕ್ ಹೊಡೆದ ಅಂಚು ಇರುತ್ತದೆ, ನಿಮ್ಮದರಲ್ಲಿ ಮನೆಗೆ ಮನೆ ಸೇರಿಸಿದ ಜೋಡಣೆ, ಕುತ್ತಿಗೆಯಲ್ಲಿ ಎತ್ತಿಕೊಂಡ ಮನೆಗಳು. ನಾಲ್ಕನೆಯದನ್ನು ಹೆಣೆಯುತ್ತಿರುವಾಗಲೇ ತೆಗೆದಿಟ್ಟುಕೊಳ್ಳಬೇಕು, ಅರ್ಧ ಆದ ಬೆನ್ನು ಇನ್ನೂ ಕಡ್ಡಿಯ ಮೇಲಿರುವಾಗ, ನಿಮ್ಮ ಬೆರಳುಗಳ ಸಮೇತ. ಮುಖ ಕಾಣಬೇಕಿಲ್ಲ. ಆ ಬೆರಳು ಕಂಡ ಮೇಲೆ 400 ರೂಪಾಯಿಯ ಮಾತು ಎತ್ತುವವರು ಕಡಿಮೆ.

ಫೋಟೋಗೆ ಮುಂಚೆ ಸ್ವೆಟರನ್ನು ಅಣಿ ಮಾಡುವುದನ್ನು ಬಹಳ ಜನ ಬಿಡುತ್ತಾರೆ. ನಿಜವಾದ ಉಲ್ಲನ್ ಆದರೆ ಉಗುರುಬೆಚ್ಚಗಿನ ಅಂಟುವಾಳದ ನೀರಿನಲ್ಲಿ ಅದ್ದಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಅಳತೆಗೆ ಸರಿಯಾಗಿ ಹರಡಿ ಗುಂಡುಸೂಜಿ ಚುಚ್ಚಿ ಒಣಗಿಸಿ. ಸೊಟ್ಟಗಿದ್ದ ಮನೆಗಳೆಲ್ಲ ಸಾಲಿಗೆ ಬರುತ್ತವೆ. ಅಂಗಡಿಯಲ್ಲಿ ಸಿಗುವ ನೂಲಿನಲ್ಲಿ ಹೆಚ್ಚಿನದು ಅಕ್ರಿಲಿಕ್, ಲೇಬಲ್ ನೋಡಿ. ಅದಕ್ಕೆ ಇಸ್ತ್ರಿಪೆಟ್ಟಿಗೆ ಮುಟ್ಟಿಸಬೇಡಿ. ಬಿಸಿಗೆ ಎಳೆ ಸತ್ತು ಜೋತುಬಿದ್ದರೆ ಮತ್ತೆ ಮೊದಲಿನಂತಾಗದು. ಒದ್ದೆ ಮಾಡಿ, ಹರಡಿ, ಒಣಗಿಸಿದರೆ ಸಾಕು.

ಪ್ರಶ್ನೆ: ಅಣ್ಣನ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ನನಗೆ ಸಿಕ್ಕಿದೆ, 18–55 ಲೆನ್ಸ್ ಇದೆ. ಆಟೋದಲ್ಲಿಟ್ಟು ತೆಗೆದರೆ ನನ್ನ ಬಿಳಿ ಕ್ರೋಶೆ ಶಾಲು ಬೂದು ಬಣ್ಣ ಬರುತ್ತದೆ. ನಂಬರುಗಳೆಲ್ಲ ಗೊಂದಲ. ಎಲ್ಲಿಂದ ಶುರು ಮಾಡಲಿ?
— ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬೆಳಕು ಅಳೆಯುವ ಕ್ಯಾಮೆರಾದ ಮೀಟರು ಎದುರಿಗಿರುವುದು ಏನೇ ಆಗಿರಲಿ, ಅದನ್ನು ನಡುವಿನ ಬೂದಿಗೆ ತರಲು ನೋಡುತ್ತದೆ. ಬಿಳಿ ಶಾಲು ತುಂಬಿಕೊಂಡರೆ "ಬೆಳಕು ಜಾಸ್ತಿಯಾಯಿತು" ಅಂದುಕೊಂಡು ತಗ್ಗಿಸುತ್ತದೆ. ಪ್ಲಸ್–ಮೈನಸ್ ಗುರುತಿನ ಗುಂಡಿ ಇದೆಯಲ್ಲ, ಅದನ್ನು ಪ್ಲಸ್ 1ಕ್ಕೆ ತಂದುಕೊಳ್ಳಿ. ಶಾಲು ಬೆಳ್ಳಗಾಗುತ್ತದೆ. ಎಳೆಗಳೇ ಕಾಣದಷ್ಟು ಬೆಳ್ಳಗಾದರೆ ಸ್ವಲ್ಪ ಇಳಿಸಿ.

ಪೂರ್ತಿ ಆಟೋದಲ್ಲಿ ಆ ಗುಂಡಿ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ, ಅದಕ್ಕೇ ಎ ಅಥವಾ ಎವಿ ಎಂದಿರುವ ಮೋಡ್‌ಗೆ ಬನ್ನಿ. ಅಲ್ಲಿ ನೀವು ಎಫ್ ನಂಬರ್, ಅಂದರೆ ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕು ಅನ್ನುವುದನ್ನು ಮಾತ್ರ ಆರಿಸುತ್ತೀರಿ; ನಂಬರ್ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಹರಡಿದ ಶಾಲು ಪೂರ್ತಿ ಸ್ಪಷ್ಟ ಬರಬೇಕಾದರೆ ಎಫ್ 8. ಬೆಳಕು ಕಡಿಮೆ ಇದ್ದರೆ 5.6. ಕ್ಯಾಮೆರಾ ಬೆಳಕಿಗೆ ಎಷ್ಟು ಚುರುಕಾಗಿರಬೇಕು ಅಂತ ಹೇಳುವ ಐಎಸ್‌ಒ ನಂಬರನ್ನು 400ರಲ್ಲಿಟ್ಟು ಶುರು ಮಾಡಿ. ಬೆಳಕನ್ನು ಒಳಗೆ ಬಿಡುವ ಶಟರ್ 1/100 ಸೆಕೆಂಡಿಗಿಂತ ಹೆಚ್ಚು ಹೊತ್ತು ತೆರೆದಿದ್ದರೆ ಕೈ ನಡುಗಿದ್ದೂ ಫೋಟೋದಲ್ಲಿ ಬರುತ್ತದೆ. ಆಗ ಕ್ಯಾಮೆರಾವನ್ನು ಸ್ಟೂಲಿನ ಮೇಲೆ ಪುಸ್ತಕ ಪೇರಿಸಿ ಇಟ್ಟು, ಎರಡು ಸೆಕೆಂಡಿನ ಟೈಮರ್ ಹಾಕಿ. ಲೆನ್ಸನ್ನು 18ರಲ್ಲಿ ಇಟ್ಟು ಹತ್ತಿರ ಹೋಗಬೇಡಿ, 50ರ ಆಸುಪಾಸಿಗೆ ತಿರುಗಿಸಿ ಹಿಂದೆ ಸರಿಯಿರಿ. ಸಣ್ಣ ಗೆರೆಗಳ ಹೆಣಿಗೆಯಲ್ಲಿ ಕೆಲವು ಸಲ ಇಲ್ಲದ ಕಾಮನಬಿಲ್ಲಿನ ಅಲೆಗಳು ಕಾಣಿಸಿಕೊಳ್ಳುತ್ತವೆ. ಹೆದರಬೇಡಿ, ಅರ್ಧ ಹೆಜ್ಜೆ ಹಿಂದೆ ಮುಂದೆ ಆದರೆ ಹೋಗುತ್ತವೆ.

ಕ್ರೋಶೆಯ ವಿಷಯಕ್ಕೆ ಮಾತ್ರ ಮೊದಲಿನ ಪತ್ರಕ್ಕೆ ಹೇಳಿದ್ದನ್ನು ಸ್ವಲ್ಪ ಬದಲಿಸುತ್ತೇನೆ. ಸ್ವೆಟರಿನಲ್ಲಿ ಉಬ್ಬು ಮುಖ್ಯ, ಜಾಲರಿಯಲ್ಲಿ ತೂತು ಮುಖ್ಯ. ಅದಕ್ಕೆ ಎದುರು ಬಣ್ಣ ಬೇಕು. ಬಿಳಿ ಶಾಲನ್ನು ಕಡುನೀಲಿ ಇಲ್ಲವೇ ಕಪ್ಪು ಬಟ್ಟೆಯ ಮೇಲೆ ಹರಡಿ. ನಿಮ್ಮೂರಿನಲ್ಲಿ ಕಪ್ಪು ಇಳಕಲ್ ಸೀರೆ ಯಾರ ಮನೆಯಲ್ಲಿಲ್ಲ, ಅಂಚು ಸೆರಗು ಕಾಣದ ಹಾಗೆ ಒಡಲನ್ನು ಮಾತ್ರ ಹಾಸಿ. ಇನ್ನೊಂದು ಫೋಟೋಗೆ ಶಾಲನ್ನು ಕಿಟಕಿಗೇ ತೂಗುಹಾಕಿ, ಹಿಂದಿನಿಂದ ಬೆಳಕು ತೂರಿ ಬರುವ ಹಾಗೆ ತೆಗೆಯಿರಿ. ಫೋಟೋಗ್ರಫಿ ಕಣ್ಣು ಬಿಟ್ಟ ಕಾಲದಲ್ಲೇ, ಅಂದರೆ 1840ರ ಆಸುಪಾಸಿನಲ್ಲಿ, ಫೋಟೋಗ್ರಫಿಯನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಇಂಗ್ಲೆಂಡಿನ ಟಾಲ್ಬಟ್ ಲೇಸಿನ ತುಂಡುಗಳನ್ನು ಬೆಳಕಿಗೆ ಕಪ್ಪಾಗುವ ಕಾಗದದ ಮೇಲೆ ನೇರವಾಗಿ ಇಟ್ಟು ಬಿಸಿಲಿಗೆ ಹಿಡಿದಿದ್ದರು. ಬೆಳಕು ಬಿದ್ದ ತೂತುಗಳು ಕಪ್ಪಾಗಿ, ದಾರ ಬಿಳಿಯಾಗಿ ಉಳಿಯಿತು. ಕ್ಯಾಮೆರಾವೇ ಇಲ್ಲದ ಫೋಟೋ ಅದು. ಜಾಲರಿ ಹೆಣೆಯುವವರು ಅಂತಹ ಚಿತ್ರ ಎಲ್ಲಾದರೂ ಸಿಕ್ಕಿದರೆ ತಪ್ಪದೆ ನೋಡಬೇಕು.

ಹಳೆಯ ಕ್ಯಾಮೆರಾ ಅಂದದ್ದಕ್ಕೆ ಒಂದು ಮಾತು. ಲೆನ್ಸಿನೊಳಗೆ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯ ಹಾಗೆ ಬಿಳಿ ಎಳೆಗಳು ಕಂಡರೆ ಬೂಷ್ಟು ಹಿಡಿದಿದೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ಕ್ಯಾಮೆರಾಗಳಿಗೆಲ್ಲ ಅದೇ ಕಾಯಿಲೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ಬಟ್ಟೆ ಬೀರುವಿನಲ್ಲಿ ಇಡಬೇಡಿ.

ಪ್ರಶ್ನೆ: ನಮ್ಮಜ್ಜ ಕಂಬಳಿ ನೇಯುತ್ತಿದ್ದರು, ಅಜ್ಜಿ ಉಣ್ಣೆ ನೂಲುತ್ತಿದ್ದರು. ಅದೇ ಕರಿ ಕುರಿ ಉಣ್ಣೆಯ ನೂಲಿನಲ್ಲಿ ನಾನು ಟೋಪಿ, ಕೈಚೀಲ ಹೆಣೆಯುತ್ತಿದ್ದೇನೆ. ಫೋಟೋದಲ್ಲಿ ಒಂದೋ ಬೂದಿ ಬಡಿದ ಹಾಗೆ, ಇಲ್ಲಾ ಕರಿ ಮುದ್ದೆ. ಏನು ಮಾಡಲಿ ಮೇಡಂ?
— ಓದುಗ, ಚಳ್ಳಕೆರೆ

ಉತ್ತರ: ನಿಮ್ಮ ಪತ್ರ ಓದಿ ಎರಡು ದಿನ ಅದೇ ಗುಂಗಿನಲ್ಲಿದ್ದೆ. ಕಂಬಳಿಯ ಊರಿನಲ್ಲಿ, ಕಂಬಳಿಯ ಉಣ್ಣೆಗೆ ಮೊಮ್ಮಗ ಹೊಸ ಆಕಾರ ಕೊಡುತ್ತಿದ್ದಾನೆ ಅನ್ನುವುದೇ ದೊಡ್ಡ ಸಂಗತಿ. ಅದು ಫೋಟೋದಲ್ಲಿ ಚೆನ್ನಾಗಿ ಕಾಣಲೇಬೇಕು.

ಬೂದಿಯಾಗುವುದಕ್ಕೆ ಕಾರಣ ಧಾರವಾಡದ ಹುಡುಗಿಗೆ ಹೇಳಿದ್ದೇ, ತಿರುಗುಮುರುಗಾಗಿ. ಕಪ್ಪು ಕಂಡ ಕೂಡಲೇ ಕ್ಯಾಮೆರಾ ಬೆಳಕು ಏರಿಸುತ್ತದೆ. ನೀವು ಇಳಿಸಿ. ಇಳಿಸಿದಾಗ ಮುದ್ದೆಯಾಗುವುದು ಬೆಳಕಿನ ದಿಕ್ಕು ತಪ್ಪಿರುವುದರಿಂದ. ಕಪ್ಪು ಉಣ್ಣೆಗೆ ಪಕ್ಕದ ಬೆಳಕೂ ಸಾಲದು. ಸಂಜೆ ಹೊತ್ತು ಬಾಗಿಲ ಬಳಿ ಟೋಪಿಯನ್ನು ನಿಮ್ಮ ಮತ್ತು ಬೆಳಕಿನ ನಡುವೆ ಇಟ್ಟು, ಸ್ವಲ್ಪ ಓರೆಗೆ ಸರಿಯಿರಿ. ಬೆಳಕು ಹಿಂದಿನ ಮೂಲೆಯಿಂದ ಉಣ್ಣೆಯನ್ನು ಸವರಿಕೊಂಡು ಬರಬೇಕು. ಆಗ ಅಂಚಿನ ಒರಟು ಕೂದಲೆಲ್ಲ ಬೆಳ್ಳಿ ಗೆರೆಯ ಹಾಗೆ ಹೊಳೆಯುತ್ತದೆ. ಮುಂದಿನ ಬದಿಗೆ ಒಂದು ಬಿಳಿ ಹಾಳೆ ಹಿಡಿದರೆ ಹೆಣಿಗೆಯೂ ಕಾಣುತ್ತದೆ.

ಇನ್ನೊಂದು ಗಮನಿಸಿ: ಕರಿ ಕುರಿಯ ಉಣ್ಣೆ ಇದ್ದಿಲಿನ ಕಪ್ಪಲ್ಲ. ಬಿಸಿಲಿಗೆ ತುದಿ ಮಾಸಿ ಅಲ್ಲಲ್ಲಿ ಕಂದು, ಕೆಂಚು ಎಳೆ ಇರುತ್ತದೆ. ಬಣ್ಣ ಹಾಕಿದ ನೂಲಿನಲ್ಲಿ ಅದು ಸಿಗುವುದಿಲ್ಲ. ಎಡಿಟ್ ಮಾಡುವಾಗ "ಚೆಂದ ಕಾಣಲಿ" ಅಂತ ಕಡುಗಪ್ಪು ಮಾಡಿಬಿಟ್ಟರೆ ಕುರಿಯನ್ನೇ ಅಳಿಸಿದ ಹಾಗೆ. ಹಿನ್ನೆಲೆಗೆ ಬಿಳಿ ಚಾರ್ಟ್ ಶೀಟ್ ಬೇಡ, ಕಪ್ಪು ಇನ್ನೂ ಕುರುಡಾಗುತ್ತದೆ. ಮಣ್ಣಿನ ಗೋಡೆ, ಜೋಳದ ದಂಟು, ಹಳೆ ಗೋಣಿ ಎಲ್ಲ ಹೊಂದುತ್ತವೆ. ಅಜ್ಜಿಯ ಕದಿರು ಇನ್ನೂ ಮನೆಯಲ್ಲಿದ್ದರೆ ಒಂದು ಫೋಟೋದಲ್ಲಿ ಅದು ಇರಲಿ, ಅಜ್ಜ ನೇಯ್ದ ಕಂಬಳಿ ಇದ್ದರೆ ಅದರ ಮೇಲೇ ಚೀಲ ಇಟ್ಟು ತೆಗೆಯಿರಿ. ಹುಣಸೆಬೀಜದ ಗಂಜಿ ಕುಡಿದು ಬಿರುಸಾದ ಕಂಬಳಿ, ಪಕ್ಕದಲ್ಲಿ ಮೆತ್ತನೆಯ ಹೆಣಿಗೆ, ಎರಡೂ ಒಂದೇ ಉಣ್ಣೆ. ಕುರಿ ಕಾಯುವವರ ಫೋಟೋ ತೆಗೆಯುವುದಾದರೆ ಮೊದಲು ಅವರನ್ನು ಕೇಳಿ, ಆಮೇಲೆ ಒಂದು ಪ್ರಿಂಟ್ ಹಾಕಿಸಿ ಕೈಗೆ ಕೊಡಿ.

ಪ್ರಶ್ನೆ: ಮಗಳ ಬಾಣಂತನಕ್ಕೆ ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದಿದ್ದೇನೆ. ಮೊಮ್ಮಗುವಿಗೆ ಹೆಣೆದ ಕುಲಾವಿ, ಕಾಲುಚೀಲದ ಫೋಟೋ ತೆಗೆದು ಮೈಸೂರಿನಲ್ಲಿರುವ ನನ್ನ ಅಕ್ಕನಿಗೆ ಕಳಿಸಬೇಕು, ನನಗೆ ಹೆಣಿಗೆ ಕಲಿಸಿದ್ದೇ ಅವಳು. ಡಿಸೆಂಬರ್‌ನಲ್ಲಿ ಇಲ್ಲಿ ನಾಲ್ಕೂವರೆಗೆಲ್ಲ ಕತ್ತಲೆ. ಹಳದಿ ಕುಲಾವಿ ಹಸಿರಾಗಿ ಬರುತ್ತದೆ.
— ಹೊಸದಾಗಿ ಅಜ್ಜಿಯಾದವರು

ಉತ್ತರ: ಅಭಿನಂದನೆ. ನಿಮಗೆ ಅಲ್ಲಿ ಹಗಲು ಒಂಬತ್ತು ಗಂಟೆಯೂ ಇಲ್ಲ, ಆದರೆ ಅದರಲ್ಲಿ ಒಂದು ಲಾಭವಿದೆ. ಅಲ್ಲಿ ಚಳಿಗಾಲದ ಸೂರ್ಯ ದಕ್ಷಿಣದಲ್ಲೇ ತಗ್ಗಿ ಹೋಗುತ್ತಾನೆ, ಉತ್ತರದ ಕಿಟಕಿಗೆ ಇಡೀ ದಿನ ಬಿಸಿಲು ಬರುವುದಿಲ್ಲ. ಹೊರಗೆ ಹಿಮ ಬಿದ್ದಿದ್ದರೆ ಅದು ಥರ್ಮಾಕೋಲ್ ಶೀಟಿನ ಕೆಲಸ ಮಾಡಿ ಬೆಳಕನ್ನು ಒಳಗೆ ಕಳಿಸುತ್ತದೆ. ಹನ್ನೊಂದರಿಂದ ಎರಡರ ನಡುವೆ, ಮಗು ಮಲಗಿದಾಗ ತೆಗೆಯಿರಿ. ಹಿಮ, ಆಕಾಶಗಳಿಂದ ಬರುವ ಬೆಳಕಿನಲ್ಲಿ ನೀಲಿ ಸ್ವಲ್ಪ ಹೆಚ್ಚು. ಹಳದಿಯ ಮೇಲೆ ನೀಲಿ ಬಿದ್ದರೆ ಹಸಿರು ಛಾಯೆ ಬರುತ್ತದೆ. ಪಕ್ಕದಲ್ಲಿ ಬಿಳಿ ಕಾಗದವೊಂದನ್ನು ಇಟ್ಟುಕೊಂಡು, ಫೋನಿನ ಎಡಿಟ್‌ನಲ್ಲಿ ಬೆಚ್ಚಗೆ ಮಾಡುವ ಪಟ್ಟಿಯನ್ನು ಸ್ವಲ್ಪ ಬಲಕ್ಕೆ ಎಳೆಯಿರಿ.

ಕುಲಾವಿ ಖಾಲಿಯಾಗಿ ಇಟ್ಟರೆ ಮಡಚಿದ ಕರವಸ್ತ್ರದ ಹಾಗೆ ಕಾಣುತ್ತದೆ. ಒಳಗೆ ಮಗುವಿನದೇ ಮೆತ್ತನೆ ಬಟ್ಟೆ ಉಂಡೆ ಮಾಡಿ ತುಂಬಿ, ದಾರ ಸಡಿಲವಾಗಿ ಕಟ್ಟಿ. ಅಳತೆ ತಿಳಿಯಲು ನಿಮ್ಮ ಅಂಗೈ ಮೇಲೆ ಕಾಲುಚೀಲ ಇಟ್ಟು ಒಂದು ತೆಗೆಯಿರಿ. ಮಗುವಿನ ತಲೆಗೆ ಹಾಕಿ ತೆಗೆಯುವುದಾದರೆ ಫ್ಲ್ಯಾಶ್ ಬೇಡ, ತೊಟ್ಟಿಲನ್ನೇ ಕಿಟಕಿಯ ಕಡೆ ಸರಿಸಿ. ತಣ್ಣನೆ ಗಾಜಿಗೆ ತೀರಾ ಹತ್ತಿರ ಬೇಡ. ಬೆಳಕು ಹಣೆಯ ಕಡೆಯಿಂದ ಬರಲಿ, ಗಲ್ಲದ ಕೆಳಗಿನಿಂದ ಅಲ್ಲ. ಅಕ್ಕನಿಗೆ ಕಳಿಸುವಾಗ ಕುಲಾವಿಯ ನೆತ್ತಿಯಲ್ಲಿ ಮನೆಗಳನ್ನು ಕಡಿಮೆ ಮಾಡುತ್ತ ಸುತ್ತು ಮುಗಿಸಿದ್ದೀರಲ್ಲ, ಆ ಜಾಗದ ಹತ್ತಿರದ ಫೋಟೋ ಒಂದು ಸೇರಿಸಿ. ಕಲಿಸಿದವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.